ಹಳೆಯ ವಿದ್ಯುತ್ ಕಾರಿಗೆ ಹೊಸ ಬ್ಯಾಟರಿ: ಕಂಪನಿಯದೋ, ಭೋಸರಿಯದೋ?

ಮೊದಲೇ ಹೇಳಿಬಿಡುತ್ತೇನೆ, ನಾನು ಪುಣೆ ಪಕ್ಕದ ಭೋಸರಿಯ ವರ್ಕ್‌ಶಾಪಿನ ಪಕ್ಷ. ಕಾರು ಮಾಡಿದ ಕಂಪನಿಯಿಂದಲೇ ಹೊಸ ಪ್ಯಾಕ್, ಅಂದರೆ ಸೆಲ್‌ಗಳನ್ನು ಜೋಡಿಸಿದ ಇಡೀ ಬ್ಯಾಟರಿ ಪೆಟ್ಟಿಗೆ, ತರಿಸುವುದು, ಹಳೆಯ ಪ್ಯಾಕಿನಲ್ಲಿ ಸೋತ ಸೆಲ್‌ಗಳನ್ನಷ್ಟೇ ಬದಲಿಸುವುದು, ಭೋಸರಿಯ ವರ್ಕ್‌ಶಾಪಿನಲ್ಲಿ ಹೊಸ ಸೆಲ್‌ಗಳಿಂದ ಇಡೀ ಪ್ಯಾಕನ್ನು ಕಟ್ಟಿಸುವುದು, ಇಲ್ಲವೇ ಕಾರನ್ನೇ ಮಾರಿ ಕೈತೊಳೆದುಕೊಳ್ಳುವುದು. ಈ ನಾಲ್ಕರಲ್ಲಿ ಎರಡಕ್ಕೆ ದುಡ್ಡು ಸುರಿದಿದ್ದೇನೆ, ಎರಡರ ಬಾಗಿಲವರೆಗೆ ಹೋಗಿ ಬಂದಿದ್ದೇನೆ. ಮೂರನೆಯದನ್ನೇ ಮೊದಲು ಮಾಡಿದ್ದರೆ 46,000 ರೂಪಾಯಿ ಉಳಿಯುತ್ತಿತ್ತು. ಆ ಸಿಟ್ಟು ಮುಂದೆ ಅಲ್ಲಲ್ಲಿ ಇಣುಕಿದರೆ ಓದುಗರು ಸಹಿಸಿಕೊಳ್ಳಬೇಕು.

ಕಾರು ಸಣ್ಣದು, 2017ರದು, 72 ವೋಲ್ಟಿನದು. ನನ್ನ ಮನೆ ಪುಣೆಯ ಕೋಥ್ರೂಡ್‌ನಲ್ಲಿ, ಎಆರ್‌ಎಐ ಗುಡ್ಡದ ಬುಡದಲ್ಲಿ. ಕೆಲಸ ಭೋಸರಿಯ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ. ಹೋಗಿ ಬರಲು 39 ಕಿಲೋಮೀಟರ್. ಹೊಸದರಲ್ಲಿ ಒಂದು ಚಾರ್ಜಿಗೆ ನೂರು ಕಿಲೋಮೀಟರ್ ಓಡುತ್ತಿದ್ದ ಕಾರು 2024ರ ದೀಪಾವಳಿಯ ಹೊತ್ತಿಗೆ 42ಕ್ಕೆ ಇಳಿದಿತ್ತು. ಲೆಕ್ಕಿಗನಿಗೆ ಇದು ಅರ್ಥವಾಗದ ಗಣಿತವೇನಲ್ಲ: ದಿನಕ್ಕೆ ಮೂರು ಕಿಲೋಮೀಟರಿನ ಉಳಿತಾಯ. ಎಸಿ ಹಾಕಿದರೆ ಅದೂ ಇಲ್ಲ. ದಾಪೋಡಿಯಲ್ಲಿ ವಾಹನಗಳು ಕಟ್ಟಿಕೊಂಡು ನಿಂತ ಸಂಜೆ ಹೆಂಡತಿ ಫೋನ್ ಮಾಡಿ, "ಇವತ್ತು ನೀವೊಬ್ಬರೇ ಬರುತ್ತೀರೋ, ಕಾರೂ ಬರುತ್ತದೋ?" ಎಂದು ಕೇಳುತ್ತಿದ್ದಳು.

ಕಂಪನಿಯ ದಾರಿಯ ಬಗ್ಗೆ ಹೇಳಲು ಬೆಲೆಯೊಂದನ್ನು ಬಿಟ್ಟರೆ ಹೆಚ್ಚೇನಿಲ್ಲ. ಹೊಸ ಪ್ಯಾಕಿಗೆ 4,85,000, ಅದರ ಮೇಲೆ ಶೇ 18 ಜಿಎಸ್‌ಟಿ 87,300, ಒಟ್ಟು 5,72,300 ರೂಪಾಯಿ. ಹಣ ಪೂರ್ತಿ ಮುಂಗಡ. ಪ್ಯಾಕ್ ಬರಲು ನಾಲ್ಕೈದು ತಿಂಗಳು. ಮೂರು ವರ್ಷದ ವಾರಂಟಿ. ಹಾಕಿದ ಮೇಲೆ ಕಾರು ಹೊಸದರಂತೆಯೇ ಇರುತ್ತದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಆದರೆ ಮಾರಲು ಹೋದರೆ ಒಂದೂವರೆ ಲಕ್ಷವೂ ಬಾರದ ಕಾರಿಗೆ ಐದೂ ಮುಕ್ಕಾಲು ಲಕ್ಷದ ಬ್ಯಾಟರಿ ಎಂದರೆ ಕುದುರೆಗಿಂತ ಜೀನು ತುಟ್ಟಿ ಎಂದಂತಾಯಿತು.

ಆ ತೆರಿಗೆಯ ಬಗ್ಗೆ ಒಂದು ಮಾತು. ಹೊಸ ವಿದ್ಯುತ್ ಕಾರು ಕೊಳ್ಳುವವನಿಗೆ 2019ರ ಆಗಸ್ಟ್‌ನಿಂದ ಜಿಎಸ್‌ಟಿ ಶೇ 5. ಇರುವ ಕಾರನ್ನೇ ಇನ್ನೆಂಟು ವರ್ಷ ಓಡಿಸಿಕೊಳ್ಳುತ್ತೇನೆ ಎನ್ನುವವನು ಅದೇ ಲಿಥಿಯಂ ಬ್ಯಾಟರಿಯನ್ನು ಬಿಡಿಯಾಗಿ ಕೊಂಡರೆ ಶೇ 18. ಹಳೆಯದನ್ನು ಇಟ್ಟುಕೊಂಡದ್ದಕ್ಕೆ ಶೇ 13ರಷ್ಟು ದಂಡ ಎಂದು ನಾನು ನನ್ನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.

ಇನ್ನೊಂದು ಅಂಕಿ ನನ್ನ ತಲೆ ಕೆಡಿಸಿತು. ಇಂಧನ ಮಾರುಕಟ್ಟೆಯ ಅಧ್ಯಯನ ಸಂಸ್ಥೆ ಬ್ಲೂಮ್‌ಬರ್ಗ್‌ಎನ್‌ಇಎಫ್ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಲಿಥಿಯಂ ಪ್ಯಾಕಿನ ಜಾಗತಿಕ ಸರಾಸರಿ ಬೆಲೆ ಕಿಲೋವಾಟ್ ಅವರ್‌ಗೆ (ಒಂದು ಯೂನಿಟ್ ಕರೆಂಟ್ ಹಿಡಿಯುವ ಸಾಮರ್ಥ್ಯಕ್ಕೆ) 115 ಡಾಲರ್, ಅಂದರೆ ಹತ್ತು ಸಾವಿರ ರೂಪಾಯಿಯ ಒಳಗೆ. ನನ್ನ ಕಾರಿಗೆ ಬೇಕಾದದ್ದು ಹದಿನೈದು ಕಿಲೋವಾಟ್ ಅವರ್. ಕಂಪನಿಯ ದರ ತೆರಿಗೆಗೆ ಮೊದಲೇ ಕಿಲೋವಾಟ್ ಅವರ್‌ಗೆ ಮೂವತ್ತು ಸಾವಿರ ದಾಟುತ್ತಿತ್ತು. ಲಕ್ಷಗಟ್ಟಲೆ ಪ್ಯಾಕ್ ಕೊಳ್ಳುವವರ ದರ ಒಂದೇ ಒಂದು ಕೊಳ್ಳುವ ನನಗೆ ಸಿಗುವುದಿಲ್ಲ, ಒಪ್ಪುತ್ತೇನೆ. ಮೂರು ಪಟ್ಟು ಎಂದಾಗ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಹಾಗಾಗಿ ಅಗ್ಗದ ದಾರಿ ಹಿಡಿದೆ. ಸೋತ ಸೆಲ್‌ಗಳನ್ನು ಮಾತ್ರ ಬದಲಿಸಿ ಕೊಡುವವನೊಬ್ಬ ನಮ್ಮ ಸೊಸೈಟಿಯ ಪಾರ್ಕಿಂಗ್‌ಗೇ ಬಂದ. 24 ಸೆಲ್‌ಗಳಲ್ಲಿ ಐದು ಹೋಗಿವೆ ಎಂದ. ಸೆಲ್ಲಿಗೆ 6,500ರಂತೆ ಐದಕ್ಕೆ 32,500, ಕೂಲಿ 13,500. ಒಂದೇ ಭಾನುವಾರದಲ್ಲಿ ಕೆಲಸ ಮುಗಿಯಿತು. ಕಾರು 42ರಿಂದ 61 ಕಿಲೋಮೀಟರಿಗೆ ಏರಿತು. ಎದುರು ಮನೆಯವರಿಗೂ ಇದನ್ನೇ ಮಾಡಿಸಿ ಎಂದು ಹೇಳಿಬಿಟ್ಟೆ. ಪುಣ್ಯಕ್ಕೆ ಅವರು ಕೇಳಲಿಲ್ಲ.

ಜನವರಿಯಲ್ಲಿ 61 ಇದ್ದದ್ದು ಮೇ ತಿಂಗಳ ಬಿಸಿಲು ಮುಗಿಯುವಷ್ಟರಲ್ಲಿ 46ಕ್ಕೆ ಬಂತು. ಯಾಕೆ ಎಂದು ನನಗೆ ತಿಳಿದದ್ದು ಆಮೇಲೆ. ಸೆಲ್‌ಗಳು ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿರುತ್ತವೆ, ಮದುವೆ ಮನೆಯ ಪಂಕ್ತಿಯಂತೆ. ಊಟ ಮುಗಿಯಿತೆಂದು ಒಬ್ಬ ಎದ್ದರೆ ಎಲೆಯಲ್ಲಿ ಅನ್ನವಿದ್ದರೂ ಉಳಿದವರು ಏಳಬೇಕು. ಅತಿ ದುರ್ಬಲವಾದ ಸೆಲ್ ಖಾಲಿಯಾದೊಡನೆ ಬ್ಯಾಟರಿಯನ್ನು ಕಾಯುವ ಬಿಎಂಎಸ್ ಎಂಬ ಎಲೆಕ್ಟ್ರಾನಿಕ್ ಕಾವಲುಗಾರ ಇಡೀ ಪ್ಯಾಕನ್ನು ಎಬ್ಬಿಸುತ್ತದೆ. ಬಡಿಸುವಾಗಲೂ ಅದೇ ಕತೆ: ಸಣ್ಣ ಹೊಟ್ಟೆಯ ಸೆಲ್ ಮೊದಲು ತುಂಬುತ್ತದೆ, ಆಗಲೇ ಚಾರ್ಜಿಂಗ್ ನಿಲ್ಲುತ್ತದೆ. ಐದು ಹೊಸ ಸೆಲ್ ಕೂರಿಸಿದರೆ ಆರನೆಯ ದುರ್ಬಲ ಸೆಲ್ ಮೊದಲನೆಯದಾಗುತ್ತದೆ, ಅಷ್ಟೇ. ಉಳಿದ ಹತ್ತೊಂಬತ್ತೂ ಎಂಟು ವರ್ಷದ ಮುದುಕರು. ಪ್ಯಾಕ್ ಮೂರು ನಾಲ್ಕು ವರ್ಷದ್ದಾಗಿದ್ದು, ಒಂದೆರಡು ಸೆಲ್ ಅಕಾಲದಲ್ಲಿ ಹೋಗಿದ್ದರೆ ಈ ರಿಪೇರಿಗೆ ಅರ್ಥವಿದೆ. ವಯಸ್ಸಾಗಿಯೇ ಸೋತ ಪ್ಯಾಕಿಗೆ ಇಲ್ಲ.

ಮಾರುವ ದಾರಿ: ಬ್ಯಾಟರಿ ಸೋತ ಕಾರಿಗೆ ಸಿಕ್ಕ ಬೆಲೆ 60,000. ಅದಕ್ಕೆ ಬದಲಾಗಿ ನಾನು ನೋಡಿದ್ದು 2021ರ ನೆಕ್ಸಾನ್ ಇವಿ, 30.2 ಕಿಲೋವಾಟ್ ಅವರ್, ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ. ಒಳ್ಳೆಯ ಕಾರು. ಕೇಳಿದ ಬೆಲೆ ಏಳೂವರೆ ಲಕ್ಷ. ಮನೆಗೆ ಬಂದು ಚಹಾ ಕುಡಿದೆ.

ಭೋಸರಿಯ ವರ್ಕ್‌ಶಾಪಿನ ಮಾಲೀಕರು ಅಥಣಿ ಕಡೆಯವರು. ಹುಡುಗರ ಜೊತೆ ಮರಾಠಿ, ನನ್ನ ಜೊತೆ ಕನ್ನಡ, ಪೂರೈಕೆದಾರರ ಜೊತೆ ಹಿಂದಿ. ಅವರು ಮೊದಲು ಹೇಳಿದ್ದೇ, "ಸಾಹೇಬರೇ, ಆ ಐದು ಸೆಲ್ ಹೊಸ ಪ್ಯಾಕಿಗೆ ಹಾಕುವುದಿಲ್ಲ. ಬೇರೆ ಕಂತಿನ ಮಾಲು, ಐದು ತಿಂಗಳು ಮುದುಕರ ಜೊತೆ ದುಡಿದಿವೆ." ಅಲ್ಲಿಗೆ ನಂಬಿಕೆ ಬಂತು. ಚೀನಾದಿಂದ ಬರುವ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್, 3.2 ವೋಲ್ಟ್, ಸಾಮರ್ಥ್ಯ 200 ಆಂಪಿಯರ್ ಅವರ್. 24 ಸೆಲ್‌ಗೆ 1,56,000, ಹೊಸ ಬಿಎಂಎಸ್ 18,000, ತಾಮ್ರದ ಪಟ್ಟಿ ಮತ್ತು ತಂತಿಗಳಿಗೆ 11,000, ಕೂಲಿ 20,000, ತೆರಿಗೆ 36,900. ಒಟ್ಟು 2,41,900, ರಸೀದಿ ಸಹಿತ. ಎರಡು ವರ್ಷದ ವಾರಂಟಿ, ಬರಹದಲ್ಲಿ.

ಇಂಥ ಕಡೆ ಕಟ್ಟಿಸುವವರು ಒಂದನ್ನು ಬಿಡಬಾರದು. ಎರಡನೇ ದರ್ಜೆಯ ಸೆಲ್‌ಗಳನ್ನು ಮೇಲಿನ ಕ್ಯೂಆರ್ ಕೋಡ್ ಉಜ್ಜಿ, ಹೊಸದಾಗಿ ಕೆತ್ತಿ ಮೊದಲ ದರ್ಜೆಯದೆಂದು ಮಾರುವ ದಂಧೆ ಇದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಪ್ರತಿ ಸೆಲ್ಲನ್ನೂ 3.65 ವೋಲ್ಟಿನವರೆಗೆ ತುಂಬಿಸಿ, 2.5ರವರೆಗೆ ಖಾಲಿ ಮಾಡಿ, ಎಷ್ಟು ಕೊಟ್ಟಿತು ಎಂದು ಅಳೆಯಬೇಕು. ನಾನು ಹಟ ಹಿಡಿದು ಮಾಡಿಸಿದೆ, ಇಪ್ಪತ್ತನಾಲ್ಕರ ವರದಿಯನ್ನೂ ಮುದ್ರಿಸಿ ತೆಗೆದುಕೊಂಡೆ. ಎಲ್ಲವೂ 201 ಮತ್ತು 204 ಆಂಪಿಯರ್ ಅವರ್‌ಗಳ ನಡುವೆ ಇದ್ದವು. ಜೊತೆಗೆ ಹಳೆಯ ಉಕ್ಕಿನ ಪೆಟ್ಟಿಗೆಯ ರಬ್ಬರ್ ಗ್ಯಾಸ್ಕೆಟ್ ಬದಲಿಸಲು ಹೇಳಿ. ಪುಣೆಯ ಜುಲೈ ತಿಂಗಳ ರಸ್ತೆಗಳಲ್ಲಿ ಕಾರಿನ ಹೊಟ್ಟೆ ಒಣಗಿರುವ ದಿನ ಕಡಿಮೆ.

ಈಗ ತಕರಾರಿಗೆ ಬರುತ್ತೇನೆ.

ಹೊಸ ಪ್ಯಾಕ್ ಹಾಕಿಸಿ ಹತ್ತು ದಿನವಾಗಿತ್ತು. ಹುಬ್ಬಳ್ಳಿಯಿಂದ ಬಂದಿದ್ದ ನನ್ನ ಹೆಂಡತಿಯ ತಮ್ಮನನ್ನು ಕೂರಿಸಿಕೊಂಡು, ಅವನಿಗೆ ಬ್ಯಾಟರಿಯ ಮಹಿಮೆ ವಿವರಿಸುತ್ತ, ಬೆಳಿಗ್ಗೆಯಿಂದ ಅಲ್ಲಿ ಇಲ್ಲಿ ಸುತ್ತಾಡಿ ಸಂಜೆ ನಾಸಿಕ್ ಫಾಟಾದ ಮೇಲ್ಸೇತುವೆ ಏರುತ್ತಿದ್ದೆ. ಓಡಿದ್ದು 45 ಕಿಲೋಮೀಟರ್. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಬಂತು, ಸೊನ್ನೆ ಬಂತು, ಕಾರಿನ ವೇಗ ತಾನಾಗಿ 25ಕ್ಕೆ ಇಳಿಯಿತು. ಹಿಂದೆ ಲಾರಿಗಳ ಹಾರ್ನ್, ಮೇಲೆ ಮಳೆ. "ಮಾಮಾ, ಹೊಸ ಬ್ಯಾಟರಿ ಎಂದಿರಲ್ಲ?" ಎಂದ. ನಾನು ಉತ್ತರ ಕೊಡಲಿಲ್ಲ. ಎತ್ತಿನ ಗಾಡಿಯ ವೇಗದಲ್ಲಿ ವರ್ಕ್‌ಶಾಪಿಗೇ ಮರಳಿದೆವು. ಅಳೆದು ನೋಡಿದರೆ ಪ್ಯಾಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಹಾಗೆಯೇ ಕುಳಿತಿತ್ತು.

ದೋಷ ಬ್ಯಾಟರಿಯದಲ್ಲ, ಕಾರಿನ ನೆನಪಿನದು. ಎಲ್‌ಎಫ್‌ಪಿ ಸೆಲ್ಲಿನ ವೋಲ್ಟೇಜ್ ತುಂಬಿದಾಗಿನಿಂದ ಖಾಲಿಯಾಗುವ ಹತ್ತಿರದವರೆಗೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಗಡಿಗೆಯನ್ನು ಹೊರಗಿನಿಂದ ನೋಡಿ ನೀರೆಷ್ಟಿದೆ ಎಂದು ಹೇಳಲಾಗುವುದಿಲ್ಲವಲ್ಲ, ಹಾಗೆ. ಆದ್ದರಿಂದ ಕಾರಿನ ಕಂಪ್ಯೂಟರ್ ಹೋದ ಕರೆಂಟನ್ನು ಎಣಿಸುತ್ತ, ತನ್ನ ದಫ್ತರಿನಲ್ಲಿ ಬರೆದಿಟ್ಟ ಒಟ್ಟು ಸಾಮರ್ಥ್ಯದಿಂದ ಕಳೆಯುತ್ತ ಹೋಗುತ್ತದೆ. ದಫ್ತರಿನಲ್ಲಿ ಇದ್ದದ್ದು ಹಳೆಯ ಮುದುಕ ಪ್ಯಾಕಿನ ಸಾಮರ್ಥ್ಯ. ಹೊಸ ಪ್ಯಾಕ್ ಬಂದ ಸುದ್ದಿ ಅದಕ್ಕೆ ಯಾರೂ ಮುಟ್ಟಿಸಿರಲಿಲ್ಲ. ಹೊಸ ಬಿಎಂಎಸ್ ಸೆಲ್‌ಗಳನ್ನು ಚೆನ್ನಾಗಿಯೇ ಕಾಯುತ್ತಿತ್ತು, ಆದರೆ ಕಾರಿನ ಭಾಷೆ ಅದಕ್ಕೆ ಬರುತ್ತಿರಲಿಲ್ಲ.

ಪೂರ್ತಿ ತುಂಬಿಸಿ ಪೂರ್ತಿ ಖಾಲಿ ಮಾಡಿದರೆ ಕಾರು ತಾನಾಗಿ ಕಲಿಯುತ್ತದೆ ಎಂದರು ಯಾರೋ. ಮೂರು ರಾತ್ರಿ ಹೀಟರ್ ಹಾಕಿಕೊಂಡು ಪಾರ್ಕಿಂಗ್‌ನಲ್ಲಿ ಕುಳಿತೆ, ಬ್ಯಾಟರಿಯೂ ಖಾಲಿ, ನಾನೂ ಬೆವರಿ ಖಾಲಿ. ಕಾರು ಏನೂ ಕಲಿಯಲಿಲ್ಲ. ದಫ್ತರನ್ನು ತಿದ್ದಲು ಬೇಕಾದ ಸಾಫ್ಟ್‌ವೇರ್ ಕಂಪನಿಯ ಸರ್ವಿಸ್ ಸೆಂಟರಿನ ಲ್ಯಾಪ್‌ಟಾಪಿನಲ್ಲಿ ಮಾತ್ರ ಇತ್ತು. ಅವರು ಸೌಜನ್ಯದಿಂದಲೇ, ನಮ್ಮದಲ್ಲದ ಪ್ಯಾಕಿಗೆ ನಾವು ಕೈಹಾಕುವುದಿಲ್ಲ ಎಂದರು. ನಾಳೆ ಬೆಂಕಿ ಬಿದ್ದರೆ ಯಾರ ತಲೆಗೆ ಎಂಬ ಅವರ ಚಿಂತೆ ನನಗೆ ಅರ್ಥವಾಗುತ್ತದೆ. ಆದರೂ ಹತ್ತು ನಿಮಿಷದ ಕೆಲಸಕ್ಕೆ ಮೂರು ಸಲ ಹೋಗಿ ಬಂದ ಸಿಟ್ಟು ಬೇರೆ.

ಕೊನೆಗೆ ವರ್ಕ್‌ಶಾಪಿನ ಒಬ್ಬ ಹುಡುಗ, ಇಪ್ಪತ್ತೆರಡು ವರ್ಷ ಇರಬಹುದು, ಬೆಂಕಿಪೊಟ್ಟಣದಷ್ಟು ದೊಡ್ಡ ಸರ್ಕ್ಯೂಟ್ ಬೋರ್ಡೊಂದನ್ನು ತಯಾರಿಸಿದ. ಹೊಸ ಬಿಎಂಎಸ್ ಹೇಳುವುದನ್ನು ಕಾರಿಗೆ ತಿಳಿಯುವ ಹಾಗೆ ಹೇಳುವ ದುಭಾಷಿ ಅದು. ಮೂರು ಭಾನುವಾರ, 14,000 ರೂಪಾಯಿ. ಈಗ ಕಾರು 105 ಕಿಲೋಮೀಟರ್ ಓಡುತ್ತದೆ. ನಡುವೆ ನಿಲ್ಲುವುದಿಲ್ಲ. ಆದರೆ ದುಭಾಷಿಗೂ ಒಂದು ದೌರ್ಬಲ್ಯವಿದೆ: ಮನೆಯಿಂದ ಶಿವಾಜಿನಗರ ದಾಟುವವರೆಗೂ ಚಾರ್ಜ್ ಮೀಟರ್ ಶೇ ನೂರರಲ್ಲೇ ಇರುತ್ತದೆ, ಆಮೇಲೆ ಸರಸರನೆ ಇಳಿದು ಸರಿಹೋಗುತ್ತದೆ. ಇನ್ನೆಷ್ಟು ದೂರ ಹೋಗಬಹುದು ಎಂದು ತೋರಿಸುತ್ತಿದ್ದ ಅಂಕಿ ಶಾಶ್ವತವಾಗಿ ಮಾಯವಾಗಿದೆ. ಇದು ಸಹಿಸಲಾಗದವರು ಕಂಪನಿಯ ಪ್ಯಾಕನ್ನೇ ಹಾಕಿಸಬೇಕು. ಆಕುರ್ಡಿಯಲ್ಲಿ ತಯಾರಾದ ಅಪ್ಪನ ಬಜಾಜ್ ಸ್ಕೂಟರನ್ನು ರಿಸರ್ವ್ ನಾಬ್ ತಿರುಗಿಸಿ ಓಡಿಸಿದ ನನಗೆ ಇದು ಅಂಥ ಕಷ್ಟವೆನಿಸಲಿಲ್ಲ.

ಚಾರ್ಜ್ ಆಗುವ ಸಮಯ ಎಲ್ಲದರಲ್ಲೂ ಒಂದೇ, ರಾತ್ರಿ ಹಚ್ಚಿದರೆ ಬೆಳಿಗ್ಗೆ ತುಂಬಿರುತ್ತದೆ. ವಿಮೆಯವರಿಗೆ ರಸೀದಿ ಮತ್ತು ಸೆಲ್‌ಗಳ ವರದಿಯನ್ನು ಮೊದಲೇ ಕಳಿಸಿ, ಸ್ವೀಕರಿಸಿದ್ದಕ್ಕೆ ಲಿಖಿತ ಉತ್ತರ ತರಿಸಿಕೊಂಡಿದ್ದೇನೆ. ಹಳೆಯ ಸೆಲ್‌ಗಳನ್ನು ಗುಜರಿಗೆ ಎಸೆಯುವಂತಿಲ್ಲ, 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ವಿದ್ಯುತ್ ವಾಹನದ ಬ್ಯಾಟರಿಗೂ ಅನ್ವಯಿಸುತ್ತವೆ. ವರ್ಕ್‌ಶಾಪಿನವರು ನನ್ನ ಐದು ಸೆಲ್‌ಗಳ ಜೊತೆ ಹಳೆಯ ಹತ್ತೊಂಬತ್ತನ್ನೂ 15,000ಕ್ಕೆ ತೆಗೆದುಕೊಂಡರು. ಇನ್ನೂ ಜೀವವಿರುವವನ್ನು ಸೌರ ದೀಪದ ಬ್ಯಾಟರಿಗೆ ಬಳಸುತ್ತಾರಂತೆ, ಉಳಿದವು ನೋಂದಾಯಿತ ಮರುಬಳಕೆದಾರರಿಗೆ.

ಲೆಕ್ಕ ಹೀಗೆ: ಪ್ಯಾಕ್ 2,41,900, ದುಭಾಷಿ 14,000, ನನ್ನ ಮೂರ್ಖತನ 46,000, ಮರಳಿ ಬಂದದ್ದು 15,000. ನಿವ್ವಳ ಖರ್ಚು 2,86,900. ಕಂಪನಿ ಹೇಳಿದ ಬೆಲೆಯ ಅರ್ಧಕ್ಕಿಂತ 750 ರೂಪಾಯಿ ಹೆಚ್ಚು. ದಿನವೂ ಒಂದೇ ದಾರಿಯಲ್ಲಿ ನಲವತ್ತು ಕಿಲೋಮೀಟರ್ ಓಡಿ, ರಾತ್ರಿ ಮನೆಯಲ್ಲೇ ಚಾರ್ಜ್ ಹಾಕುವ, ಊರಿಗೆ ರೈಲಿನಲ್ಲಿ ಹೋಗುವ ನನ್ನಂಥವನಿಗೆ ಇಷ್ಟು ಸಾಕು. ಕಾರಿನಲ್ಲೇ ಖಂಬಾಟ್ಕಿ ಘಾಟ್ ಹತ್ತಿ ಧಾರವಾಡಕ್ಕೆ ಹೋಗಬೇಕೆನ್ನುವವರಿಗೆ ಈ ಕಾರೇ ಬೇಡ, ಬ್ಯಾಟರಿಯ ಮಾತು ಆಮೇಲೆ.

ಮಾಯವಾದ ಅಂಕಿಯ ಜಾಗದಲ್ಲಿ ಹೆಂಡತಿ ಒಂದು ಚೀಟಿ ಅಂಟಿಸಿದ್ದಾಳೆ: "85 ಆದರೆ ಮನೆ." ಬೆಳಿಗ್ಗೆ ಹೊರಡುವ ಮುಂಚೆ ಟ್ರಿಪ್ ಮೀಟರನ್ನು ಸೊನ್ನೆ ಮಾಡುತ್ತೇನೆ.