ತೋಳಿಗೆ ಪಟ್ಟಿ, ಎದೆಗೆ ಗಡಿಯಾರ

ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷದಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ರಾತ್ರಿ ಎಂಟರಿಂದ ಬೆಳಗ್ಗೆ ಎಂಟರ ಡ್ಯೂಟಿ ಬಿದ್ದ ವಾರ ನಿದ್ದೆಯ ಲೆಕ್ಕವೇ ತಪ್ಪುತ್ತದೆ. ಅದನ್ನು ತಿಳಿಯಲೆಂದೇ ಎರಡು ವರ್ಷದ ಹಿಂದೆ ಸ್ಕ್ರೀನ್ ಇರುವ ಫಿಟ್‌ನೆಸ್ ಬ್ಯಾಂಡ್ ಕೊಂಡೆ. ಈ ಯುಗಾದಿಗೆ ತಮ್ಮ ಬೆಂಗಳೂರಿನಿಂದ ಸ್ಕ್ರೀನೇ ಇಲ್ಲದ, ಲೆಕ್ಕವನ್ನೆಲ್ಲ ಫೋನಿನಲ್ಲಿ ತೋರಿಸುವ ಪಟ್ಟಿ ತಂದುಕೊಟ್ಟ. ಮೂರು ತಿಂಗಳು ಎರಡನ್ನೂ ಅದಲುಬದಲು ಮಾಡಿ ಕಟ್ಟಿಕೊಂಡೆ.

ಮಾವಿನ ಕೆರೆ ಕಡೆ ವಾಕಿಂಗ್ ಹೋದಾಗ ಸ್ಕ್ರೀನ್ ಇರುವುದೇ ಚೆಂದ. ಎಷ್ಟು ಹೆಜ್ಜೆ, ಎಷ್ಟು ಹೊತ್ತು, ಎದೆಬಡಿತ ಎಷ್ಟು, ಎಲ್ಲ ಅಲ್ಲೇ ಕಾಣುತ್ತದೆ. ಓಡುವ ಅಭ್ಯಾಸ ಇದ್ದವರು ಅದನ್ನೇ ಕೊಳ್ಳಿ.

ವಾರ್ಡಿನ ಮಾತು ಬೇರೆ. ಒಂದು ರಾತ್ರಿ ಮಕ್ಕಳ ವಾರ್ಡಿನಲ್ಲಿ ಕೂಸೊಂದು ಅತ್ತು ಅತ್ತು ಆಗಷ್ಟೇ ಕಣ್ಣು ಮುಚ್ಚಿತ್ತು. ಡ್ರಿಪ್ ಸರಿ ಮಾಡಲು ಕೈ ಎತ್ತಿದೆ. ಮಣಿಕಟ್ಟಿನ ಸ್ಕ್ರೀನ್ ಝಗ್ಗನೆ ಹೊತ್ತಿ ಬೆಳಕು ಅದರ ಮುಖಕ್ಕೇ ಬಿತ್ತು. "ಸಿಸ್ಟರ್, ಅದನ್ನ ಬಿಚ್ಚಿ ಇಡ್ರಿ, ಈಗ ಮಲಗೈತ್ರಿ" ಎಂದು ತಾಯಿ ಕೈ ಮುಗಿದಳು. ಮರುದಿನವೇ ಕೈ ಎತ್ತಿದರೆ ಹೊತ್ತುವ ಸೆಟ್ಟಿಂಗ್ ಆಫ್ ಮಾಡಿದೆ. ಆಮೇಲೆ ಟೈಮ್ ನೋಡಲು ಸ್ಕ್ರೀನ್ ಮುಟ್ಟಲೇಬೇಕಾಯಿತು. ಗ್ಲೌಸ್ ಹಾಕಿದ ಕೈಗೆ ಅದು ಸರಿಯಾಗಿ ಸ್ಪಂದಿಸುತ್ತಿರಲಿಲ್ಲ.

ಇನ್ನು ಕೈ ತೊಳೆಯುವುದು. ಪ್ರತಿ ರೋಗಿಯನ್ನು ಮುಟ್ಟುವ ಮೊದಲೂ ಆಮೇಲೂ ತೊಳೆಯಬೇಕು. ಮಣಿಕಟ್ಟಿನ ಬ್ಯಾಂಡಿನ ಕೆಳಗೆ ನೀರು, ಸೋಪು, ನಮ್ಮೂರ ಬೇಸಿಗೆಯ ಬೆವರು ಸೇರಿ ಚರ್ಮ ಕೆಂಪಗಾಗಿ ತುರಿಸುತ್ತಿತ್ತು. ಅಷ್ಟಕ್ಕೂ ಮೊಣಕೈ ಕೆಳಗೆ ಏನೂ ಇರಬಾರದು ಎಂದೇ ನಾವು ಕಲಿತದ್ದು. ಫಿನ್ಲೆಂಡಿನ ಔರಾ, ಬೆಂಗಳೂರಿನದೇ ಆದ ಅಲ್ಟ್ರಾಹ್ಯೂಮನ್‌ನಂಥ, ನಿದ್ದೆ ಬಡಿತ ಅಳೆಯುವ ಉಂಗುರಗಳೂ ಈ ಕಾರಣಕ್ಕೇ ನಮ್ಮ ಕೆಲಸಕ್ಕೆ ಬೇಡ.

ಸ್ಕ್ರೀನ್ ಇಲ್ಲದ ಪಟ್ಟಿ ನನಗೆ ಒಲಿದದ್ದು ಇಲ್ಲಿಯೇ. ನೋಡುವುದೇ ಇಲ್ಲವೆಂದ ಮೇಲೆ ಮಣಿಕಟ್ಟಿನಲ್ಲೇ ಯಾಕಿರಬೇಕು? ತೋಳಿನ ಬೆಲ್ಟಿಗೆ ಹಾಕಿ ರವಿಕೆಯ ತೋಳಿನೊಳಗೆ ಸೇರಿಸಿದೆ. ಇಂಥ ಬ್ಯಾಂಡು, ಪಟ್ಟಿಗಳು ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು, ಅದನ್ನು ರಕ್ತ ಹೀರಿಕೊಳ್ಳುವುದರಲ್ಲಿ ಆಗುವ ಏರಿಳಿತದಿಂದ ಎದೆಬಡಿತ ಎಣಿಸುತ್ತವೆ. ಕೈ ಅಲುಗಾಡಿದಷ್ಟೂ ಲೆಕ್ಕ ಕೆಡುತ್ತದೆ. ದಿನವಿಡೀ ದುಡಿಯುವ ಮಣಿಕಟ್ಟಿಗಿಂತ ತೋಳಿನಲ್ಲಿ ಅಂಕಿ ನಂಬುವಂತಿದೆ. ನೈಟ್ ಮುಗಿಸಿ ಬಂದು ಹತ್ತರಿಂದ ಮೂರರವರೆಗೆ ಮಲಗಿದ್ದನ್ನು ಹಳೆಯ ಬ್ಯಾಂಡ್ ಜೊಂಪು ಎಂದು ಬರೆಯುತ್ತಿತ್ತು. ಇದು ನಿದ್ದೆ ಎಂದೇ ಹಿಡಿಯುತ್ತದೆ. ಅದನ್ನು ನೋಡಿದ ದಿನ ನಿಜಕ್ಕೂ ಖುಷಿಯಾಯಿತು.

ಟೈಮ್ ನೋಡಲು ಸೆಕೆಂಡ್ ಮುಳ್ಳಿರುವ ಗಡಿಯಾರವನ್ನು ಎದೆಗೆ ಸಿಕ್ಕಿಸಿಕೊಂಡಿದ್ದೇನೆ. 20 ಹನಿಗೆ 1 ಎಂಎಲ್ ಬೀಳುವ ಡ್ರಿಪ್ ಸೆಟ್‌ನಲ್ಲಿ 500 ಎಂಎಲ್ ಬಾಟಲಿ 8 ಗಂಟೆಗೆ ಮುಗಿಯಬೇಕೆಂದರೆ ನಿಮಿಷಕ್ಕೆ 21 ಹನಿ. ಆ ಎಣಿಕೆಗೆ ಮುಳ್ಳೇ ಬೇಕು.

ಕೊಳ್ಳುವ ಮುಂಚೆ ಚಂದಾ ಇದೆಯೇ ಎಂದು ಕೇಳಿ. ಸ್ಕ್ರೀನ್ ಇಲ್ಲದ ಪಟ್ಟಿಗಳಲ್ಲಿ ವೂಪ್ ನಡೆಯುವುದೇ ಚಂದಾದ ಮೇಲೆ. ಅಮೇಜ್‌ಫಿಟ್ ಹೀಲಿಯೊ ಸ್ಟ್ರ್ಯಾಪ್‌ಗೆ ಅದು ಬೇಡ. ಸಂಬಳ ನಂಬಿದವರಿಗೆ ಈ ವ್ಯತ್ಯಾಸ ದೊಡ್ಡದು.

ನನ್ನ ಪಟ್ಟಿಯ ಒಂದೇ ದೋಷ, ಫೋನ್ ತೆರೆಯದೆ ಚಾರ್ಜ್ ಎಷ್ಟಿದೆ ಎಂದು ಗೊತ್ತಾಗುವುದಿಲ್ಲ. ಒಮ್ಮೆ ಎರಡು ನೈಟ್‌ನ ಲೆಕ್ಕವೇ ಸಿಗಲಿಲ್ಲ. ಈಗ ವಾರದ ರಜೆಯ ದಿನ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಾಗ ಅದನ್ನು ಚಾರ್ಜಿಗೆ ಹಾಕುತ್ತೇನೆ. ಸ್ನಾನ ಮುಗಿಯುವ ಹೊತ್ತಿಗೆ ಸಾಕಷ್ಟು ತುಂಬಿರುತ್ತದೆ.