ಹಳೇ ದೋಣಿಯ ಕಿಟಕಿ ಸುತ್ತಲಿನ ಮರ: ಎಪಾಕ್ಸಿ ತುಂಬೋದಾ, ಹೊಸ ತುಂಡು ಕೂರಿಸೋದಾ?

ಕಿಟಕಿ ಸೋರಿ ಮರ ಹಾಳಾಗಿದ್ದರೆ ದಾರಿ ಎರಡು: ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ತುಂಬೋದು, ಇಲ್ಲವೇ ಹೊಸ ಮರದ ತುಂಡು ಕೂರಿಸೋದು. ಯಾವುದನ್ನೇ ಆರಿಸಿ, ಮೊದಲು ಸೋರಿಕೆ ನಿಲ್ಲಬೇಕು. ಚೌಕಟ್ಟು ಬಿಚ್ಚಿ, ನೀರು ಬರದಂತೆ ಸಂದಿಗೆ ಹಚ್ಚಿದ್ದ ಹಳೇ ಸೀಲೆಂಟ್ ಪೂರ್ತಿ ಕೆರೆದು, ಮರವನ್ನು ಚೆನ್ನಾಗಿ ಒಣಗಿಸಿ. ಇಲ್ಲಾಂದ್ರೆ ಒಳಗಿನ ಕೆಲಸವೆಲ್ಲ ದಂಡ.

ಆಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಮರ ಗಟ್ಟಿಯಾಗಿದ್ದು ಬರೀ ಕಪ್ಪು ಕಲೆ ಇದ್ದರೆ ಈ ಎರಡೂ ಬೇಡ. ಆಕ್ಸಾಲಿಕ್ ಆಮ್ಲದ ದ್ರಾವಣ ಹಚ್ಚಿ, ತೊಳೆದು, ಒಣಗಿಸಿ ವಾರ್ನಿಷ್ ಹೊಡೆದರೆ ಸಾಕು. ಆ ಆಮ್ಲ ವಿಷ, ಕೈಗವಸು ಮರೆಯಬೇಡಿ.

ಅಲ್ಲಲ್ಲಿ ಮೆತ್ತಗಾಗಿದ್ದರೆ ಎಪಾಕ್ಸಿ ಸುಲಭ. ಕೊಳೆತದ್ದನ್ನು ಕೆತ್ತಿ, ತೆಳು ಎಪಾಕ್ಸಿ ಕುಡಿಸಿ, ಮೇಲೆ ದಪ್ಪನೆಯದು ತುಂಬಬೇಕು. ಆದರೆ ಒದ್ದೆ ಮರಕ್ಕೆ ಅದು ಹಿಡಿಯುವುದಿಲ್ಲ. ತುಂಬಿದ ಜಾಗ ಮರದಂತೆ ಕಾಣುವುದೂ ಇಲ್ಲ. ಬಣ್ಣ ಬಳಿಯುವವರಿಗೆ ಇದು ತೊಂದರೆಯೇ ಅಲ್ಲ. ವಾರ್ನಿಷ್ ಬೇಕೆನ್ನುವವರಿಗೆ ದಿನಾ ಕಣ್ಣಿಗೆ ಚುಚ್ಚುತ್ತದೆ, ಅಲ್ವಾ?

ಹೊಸ ತುಂಡು ಕೂರಿಸೋದು ನಿಧಾನದ ಕೆಲಸ. ಅಳತೆ, ಮರದ ಎಳೆಯ ದಿಕ್ಕು, ಬಣ್ಣ ಎಲ್ಲಾ ಹೊಂದಬೇಕು. ತೇಗವಾದರೆ ಅಂಟು ಹಚ್ಚುವ ಮುಂಚೆ ಎಣ್ಣೆ ತೆಗೆಯುವ ಅಸಿಟೋನ್‌ನಿಂದ ಒರೆಸಿ, ತೇಗದಲ್ಲಿ ಎಣ್ಣೆ ಜಾಸ್ತಿ. ಕೂಡಿಸಿದ ಗೆರೆ ಓರೆಯಾಗಿದ್ದರೆ ಅಷ್ಟಾಗಿ ಕಾಣುವುದಿಲ್ಲ.

ಪ್ಲೈವುಡ್ ಪದರ ಬಿಟ್ಟು ಉಬ್ಬಿದ್ದರೆ ನಾನಂತೂ ಎಪಾಕ್ಸಿ ಕಡೆ ಹೋಗಲ್ಲ. ಕಿಟಕಿಗಾಗಿ ಕೊರೆದ ಅಂಚೇ ನೀರು ಹೀರುವುದು. ಹಾಳಾದದ್ದು ಕಾಣುವುದಕ್ಕಿಂತ ದೂರ ಹೋಗಿರುತ್ತದೆ. ಆ ಭಾಗ ಕತ್ತರಿಸಿ ಹೊಸದು ಹಾಕಿ. ಹಾಕುವ ಮುಂಚೆ ಅದರ ಅಂಚಿಗೂ ಎಪಾಕ್ಸಿ ಬಳಿಯಿರಿ.