ಆಪರೇಷನ್ ಆಗಿ 14 ತಿಂಗಳು, ಮೂಗು ಇನ್ನೂ ಸೊಟ್ಟ

ಆಸ್ಪತ್ರೆಗೆ ಐದಕ್ಕೆ ಎರಡು ಸ್ಟಾರ್. ಆ ಎರಡು ಸ್ಟಾರೂ ನರ್ಸ್‌ಗಳಿಗೆ.

ನನ್ನ ಮೂಗಿನ ನಡುಗೋಡೆ ಎಡಕ್ಕೆ ವಾಲಿತ್ತು. ಹೊರಗಿನಿಂದಲೂ ಮೂಗು ಸೊಟ್ಟ ಕಾಣುತ್ತಿತ್ತು. ಒಂದೇ ಸಲಕ್ಕೆ ಎರಡೂ ಸರಿ ಮಾಡ್ತೀವಿ ಅಂದರು ಡಾಕ್ಟರ್. ಆಪರೇಷನ್ ದಿನದ ಬಗ್ಗೆ ದೂರಿಲ್ಲ, ನೋವೂ ನಾನು ಹೆದರಿದಷ್ಟು ಇರಲಿಲ್ಲ. ವಾರದ ಮೇಲೆ ನಡುಗೋಡೆಗೆ ಆಸರೆಯಾಗಿ ಒಳಗಿಟ್ಟಿದ್ದ ಸ್ಪ್ಲಿಂಟ್ ತೆಗೆದಾಗ ಎರಡೂ ಹೊಳ್ಳೆಯಲ್ಲಿ ತಣ್ಣನೆ ಗಾಳಿ ನುಗ್ಗಿತು. ಅಳುವೇ ಬಂತು.

ಆ ಸುಖ ಮೂರು ತಿಂಗಳಷ್ಟೇ. ಎಡಗಡೆ ಮತ್ತೆ ಕಟ್ಟತೊಡಗಿತು. ಬೆಳಿಗ್ಗೆ ಎದ್ದರೆ ಬಾಯಿ ಒಣಗಿರುತ್ತಿತ್ತು. ಕನ್ನಡಕ ಮೊದಲಿನ ಹಾಗೇ ಓರೆ ಕೂರುತ್ತಿತ್ತು. ಹೋದಾಗಲೆಲ್ಲ ಒಂದೇ ಉತ್ತರ: "ಊತ ಇದೆ, ಇಳಿಯುತ್ತೆ, ಕಾಯಿರಿ." ಅದೇನೂ ಸುಳ್ಳಲ್ಲ, ಊತ ಪೂರ್ತಿ ಇಳಿಯೋಕೆ ವರ್ಷ ಹಿಡಿಯಬಹುದು. ಆದರೆ ಟಾರ್ಚ್ ಹಾಕಿ ಅರ್ಧ ನಿಮಿಷ ನೋಡಿದರೆ ಊತ ಯಾವುದು, ಬೇರೆ ತೊಂದರೆ ಯಾವುದು ಅಂತ ಗೊತ್ತಾಗುತ್ತಾ? ಒಂದು ಸಲವೂ ಎಂಡೋಸ್ಕೋಪಿ ಮಾಡಲಿಲ್ಲ, ಅಂದರೆ ಸಣ್ಣ ಕ್ಯಾಮೆರಾ ಕೊಳವೆ ಹಾಕಿ ಒಳಗೆ ನೋಡಲಿಲ್ಲ.

ಮನೆಯಲ್ಲಿ ನಾನೇ ರಾತ್ರಿ ಹೊತ್ತು ಮೂಗಿನ ಕೆಳಗೆ ಕನ್ನಡಿ ಹಿಡಿದು ಉಸಿರು ಬಿಟ್ಟು ನೋಡುತ್ತಿದ್ದೆ. ಬಲಗಡೆ ಅಗಲವಾದ ಮಂಜು, ಎಡಗಡೆ ಅಂಗಿ ಗುಂಡಿಯಷ್ಟು. ಹೊಳ್ಳೆಗಳು ಕೆಲವು ಗಂಟೆಗೊಮ್ಮೆ ಸರದಿ ಮೇಲೆ ಕಟ್ಟೋದು, ಬಿಡೋದು ಬಹಳ ಜನರಿಗೆ ಇದ್ದದ್ದೇ. ನನ್ನದರಲ್ಲಿ ಸರದಿ ಬದಲಾಗಲೇ ಇಲ್ಲ.

ವರ್ಷ ಕಳೆದ ಮೇಲೆ ಬೇರೆ ಡಾಕ್ಟರ್ ಹತ್ತಿರ ಹೋದೆ. ಅವರು ನನ್ನ ಎಡಗೆನ್ನೆಯನ್ನು ಬೆರಳಲ್ಲಿ ಪಕ್ಕಕ್ಕೆ ಎಳೆದು ಹಿಡಿದು, "ಈಗ ಉಸಿರು ಎಳೀರಿ" ಅಂದರು. ಸರಾಗ! ಬೆರಳು ಬಿಟ್ಟರು, ಮತ್ತೆ ಬಂದ್. ಮೂಗಿನೊಳಗೆ ಎಲ್ಲಕ್ಕಿಂತ ಇಕ್ಕಟ್ಟಾದ ಜಾಗಕ್ಕೆ ನೇಸಲ್ ವಾಲ್ವ್ ಅಂತಾರಂತೆ. ನನಗೆ ಉಸಿರೆಳೆದಾಗ ಅದು ಒಳಕ್ಕೆ ಕುಸಿಯುತ್ತಿದೆ. ಜೊತೆಗೆ ಕಾರ್ಟಿಲೇಜ್‌ಗೆ (ಮೂಗಿನ ಮೆತ್ತನೆ ಮೂಳೆಗೆ) ಹಳೇ ಬಾಗಿಗೇ ತಿರುಗುವ ಚಾಳಿ ಬೇರೆ. ಇನ್ನೊಂದು ಆಪರೇಷನ್ ಮಾಡಿ ಕಾರ್ಟಿಲೇಜ್ ಪಟ್ಟಿಯ ಆಸರೆ ಕೊಡಬೇಕು. ಮೂಗಿನಲ್ಲಿ ಸಾಲದಿದ್ದರೆ ಕಿವಿಯಿಂದಲೋ ಪಕ್ಕೆಲುಬಿನಿಂದಲೋ ತೆಗೆಯುತ್ತಾರೆ.

ಎಲ್ಲ ಮೂಗೂ ಒಂದೇ ಸಲಕ್ಕೆ ನೆಟ್ಟಗಾಗಲ್ಲ, ಒಪ್ಪಿದೆ. ಆದರೆ ಮತ್ತೆ ಬಾಗಬಹುದು ಅಂತ ಮೊದಲೇ ಹೇಳಬೇಕಿತ್ತು ಅಲ್ವಾ? ಕೆನ್ನೆ ಎಳೆದು ನೋಡೋಕೆ ಹತ್ತು ಸೆಕೆಂಡ್ ಸಾಕಿತ್ತು.

ಎರಡನೇ ಡಾಕ್ಟರಿಗೆ ಬೇಕು ಅಂತ ಹಳೇ ಆಸ್ಪತ್ರೆಯಿಂದ ಆಪರೇಷನ್ ನೋಟ್ಸ್ ಕೇಳಿದೆ. ಮೂರು ಸಲ ಓಡಾಡಿಸಿ ಕೊಟ್ಟರು. ಒಂದೂವರೆ ಪುಟ. ವಾಲ್ವ್ ಅನ್ನೋ ಪದ ಹುಡುಕಿದೆ, ಎಲ್ಲೂ ಇಲ್ಲ.